ಅನುದಾನ ಹಂಚಲು ಹೊರಟ ಸಣ್ಣರಂಗಯ್ಯ

ಸಣ್ಣರಂಗಯ್ಯನಿಗೆ ಐವತ್ನಾಲ್ಕು ವರ್ಷದಲ್ಲಿ ಸರ್ಕಾರದಿಂದ ಬಂದ ಕಾಗದಗಳು ಎರಡೇ ಬಗೆಯವು. ಒಂದು ಕರೆಂಟು ಬಿಲ್ಲು, ಇನ್ನೊಂದು ಕಂದಾಯದ ನೋಟೀಸು. ಎರಡರಲ್ಲೂ ಅವನನ್ನು ಯಾರೂ ಮಾನ್ಯ ಎಂದು ಕರೆದಿರಲಿಲ್ಲ. ಹಾಗಾಗಿ ಆ ಬುಧವಾರ ಪಟ್ಟಣ ಪಂಚಾಯಿತಿಯ ಜವಾನ ತಂದುಕೊಟ್ಟ ಕಾಗದ 'ಮಾನ್ಯರೇ' ಎಂದು ಶುರುವಾದದ್ದನ್ನು ನೋಡಿ, ಗ್ಯಾಸ್ ಒಲೆಯ ಬರ್ನರು ತಿಕ್ಕುತ್ತಿದ್ದ ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದು ನಿಂತ. ನಿಂತೇ ಓದಿದ.

ನಮ್ಮ ಹೊನ್ನಸಂದ್ರ ಮಧುಗಿರಿಗೂ ಸಿರಾಕ್ಕೂ ನಡುವೆ ಇರುವ ಊರು. ಮೂರು ವರ್ಷದ ಹಿಂದೆ ಸರ್ಕಾರ ಇದನ್ನು ಪಟ್ಟಣ ಎಂದು ಘೋಷಿಸಿತು. ಎಮ್ಮೆಗಳಿಗೆ ಆ ವಿಷಯ ಇನ್ನೂ ತಿಳಿದಿಲ್ಲ, ಈಗಲೂ ಪಟ್ಟಣ ಪಂಚಾಯಿತಿಯ ಮೆಟ್ಟಿಲ ಮೇಲೆಯೇ ಮಲಗುತ್ತವೆ. ಆದರೆ ಪಟ್ಟಣವಾದ ಮೇಲೆ ದೆಹಲಿಯಿಂದ ನೇರವಾಗಿ ಹಣ ಬರತೊಡಗಿತು. ಕಾಗದ ಹೇಳುತ್ತಿದ್ದುದು ಅದನ್ನೇ. ಕೇಂದ್ರದ ಅನುದಾನದಡಿ ವಸತಿ ಮತ್ತು ಸಮುದಾಯ ಸೇವೆಗಳಿಗಾಗಿ ಪಟ್ಟಣಕ್ಕೆ ಇಷ್ಟು ಹಣ ಬಿಡುಗಡೆಯಾಗಿದೆ, ಅದರ ಹಂಚಿಕೆಯ ಬಗ್ಗೆ ತಾವು ಶನಿವಾರದ ಸಭೆಗೆ ಬಂದು ಸಲಹೆ ನೀಡಬೇಕು, ತಮ್ಮ ಸಲಹೆಯನ್ನು ಪರಿಗಣಿಸಿ ಕ್ರಿಯಾಯೋಜನೆಯನ್ನು ಅಂತಿಮಗೊಳಿಸಲಾಗುವುದು.

'ಪರಿಗಣಿಸಿ' ಎಂಬ ಮಾತಿನ ಅರ್ಥ ಸಣ್ಣರಂಗಯ್ಯನಿಗೆ ಪೂರ್ತಿ ಗೊತ್ತಿರಲಿಲ್ಲ. 'ಪ್ರಕಾರ' ಎಂಬುದನ್ನೇ ಓದಿದವರು ಹೀಗೆ ಬರೆಯುತ್ತಾರೆಂದು ತಿಳಿದುಕೊಂಡ.

"ಲೇ ಗಂಗಾ, ಇಲ್ ಬಾ. ಈ ಸೊನ್ನೆಗಳ್ನ ಎಣಿಸು."

ಹೆಂಡತಿ ಗಂಗಲಕ್ಷ್ಮಮ್ಮ ಬಂದು ಬೆರಳಿಟ್ಟು ಎಣಿಸಿದಳು. ಒಂದು ಸಲ ಆರು ಬಂತು, ಇನ್ನೊಂದು ಸಲ ಏಳು ಬಂತು. ಕೊನೆಗೆ ಇಬ್ಬರೂ ಸೇರಿ ಒಂದೊಂದು ಸೊನ್ನೆಯ ಮೇಲೂ ಒಂದೊಂದು ಕಡಲೆಬೀಜ ಇಟ್ಟು ನೋಡಿದರು. ಎರಡು ಕೋಟಿ ಎಂಬತ್ತು ಲಕ್ಷ.

"ಇಷ್ಟನ್ನೂ ನೀವು ಹಂಚಬೇಕಾ?" ಗಂಗಲಕ್ಷ್ಮಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು.

"ಅಂಗೇ ಬರ್ದವ್ರೆ ನೋಡು."

ಇಂಥ ಕಾಗದ ಇವನ ಬಾಗಿಲಿಗೆ ಹೇಗೆ ಬಂತೆಂದರೆ, ಪ್ರತಿ ವಾರ್ಡಿನಿಂದ ಸಮುದಾಯ ಸೇವೆಯಲ್ಲಿ ತೊಡಗಿರುವ ಒಬ್ಬರನ್ನು ಸಭೆಗೆ ಕರೆಯಬೇಕೆಂದು ನಿಯಮವಿತ್ತು. ಏಳನೇ ವಾರ್ಡಿನಲ್ಲಿ ಯಾರೆಂದು ಗುಮಾಸ್ತ ಅಂಬರೀಶ್ ಅರ್ಧ ದಿನ ಯೋಚಿಸಿದ. ಅಂಗನವಾಡಿಯ ಕುಕ್ಕರನ್ನು ದುಡ್ಡು ತೆಗೆದುಕೊಳ್ಳದೆ ರಿಪೇರಿ ಮಾಡಿಕೊಟ್ಟವನು ನೆನಪಾದ. ಹೆಸರು ಬರೆದ. ಇದೇ ಕಾಗದ ಊರಿನ ಇನ್ನೂ ಹದಿಮೂರು ಜನರಿಗೆ ಹೋಗಿತ್ತು. ಅವರಲ್ಲಿ ಒಬ್ಬರೂ ಅದನ್ನು ಮೂರನೇ ಸಾಲಿನಾಚೆ ಓದಿರಲಿಲ್ಲ.

ವಿಷಯ ಮನೆಯೊಳಗೇ ಉಳಿಯುತ್ತಿತ್ತೋ ಏನೋ. ಆದರೆ ಅದೇ ಸಂಜೆ ಸಿರಾದಿಂದ ಗಂಗಲಕ್ಷ್ಮಮ್ಮನ ತಮ್ಮ ಮೋಹನ್ ಕುಮಾರ್ ಫೋನ್ ಮಾಡಿದ. ಅವನು ವಿಮಾ ಕಂಪನಿಯ ನೌಕರ. ತಾನು ಹೊಸ ಕಾರು ತೆಗೆದುಕೊಂಡದ್ದನ್ನೂ ಅದರ ಮೇಲ್ಛಾವಣಿ ತೆರೆದುಕೊಳ್ಳುವುದನ್ನೂ ಇಪ್ಪತ್ತು ನಿಮಿಷ ವಿವರಿಸಿದ. ಕಳೆದ ಹದಿನೆಂಟು ವರ್ಷಗಳಿಂದ ಇಂಥ ವಿವರಣೆಗಳನ್ನು ಕೇಳಿ "ಒಳ್ಳೇದಾಯ್ತು ಕಣಪ್ಪ" ಎನ್ನುತ್ತಾ ಬಂದಿದ್ದ ಸಣ್ಣರಂಗಯ್ಯ, ಅವತ್ತೂ ಹಾಗೇ ಅಂದು, ಸ್ವಲ್ಪ ತಡೆದು, "ನಂಗೂ ಈ ವಾರ ಬಿಡುವಿಲ್ಲ ಕಣ್ಲಾ. ಎರಡು ಕೋಟಿ ಎಂಬತ್ತು ಲಕ್ಷ ಹಂಚೋದೈತೆ" ಎಂದ.

ಮೋಹನ್ ಕುಮಾರ್ ಕಾರಿನ ಮಾತನ್ನು ಅಲ್ಲಿಗೇ ಬಿಟ್ಟ.

"ಯಾರಿಗೆ ಭಾವ?"

"ಅದನ್ನೇ ಯೋಚ್ನೆ ಮಾಡ್ತಾ ಇವ್ನಿ."

ಮೋಹನ್ ಕುಮಾರ್ ಆ ರಾತ್ರಿ ಎಷ್ಟು ಜನಕ್ಕೆ ಫೋನ್ ಮಾಡಿದನೋ ತಿಳಿಯದು. ಗುರುವಾರ ಬೆಳಿಗ್ಗೆ ಏಳಕ್ಕೆ ದಿನಸಿ ಅಂಗಡಿಯ ನಂದೀಶ್ವರಯ್ಯನವರು ಸಣ್ಣರಂಗಯ್ಯನ ಬಾಗಿಲಲ್ಲಿ ನಿಂತಿದ್ದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಒಂದು ಕೆಜಿ ಬೆಲ್ಲ. ಹಿಂದಿನ ದಿನದವರೆಗೂ ಇವನನ್ನು "ಲೇ ರಂಗ" ಎಂದು ಕೂಗುತ್ತಿದ್ದವರು ಅವರು.

"ರಂಗಯ್ಯನವರೇ, ಊರಿಗೊಂದು ಸಮುದಾಯ ಭವನ ಬೇಕು. ಮೇಲೆ ಮದುವೆ ಹಾಲು, ಕೆಳಗೆ ಊಟದ ಹಾಲು. ನಮ್ಮ ಮೊಮ್ಮಗಳ ನಿಶ್ಚಿತಾರ್ಥಕ್ಕೆ ಮಧುಗಿರಿವರೆಗೂ ಹೋಗಬೇಕಾಯ್ತು, ನಿಮಗೇ ಗೊತ್ತಲ್ಲ."

"ನೋಡಾನ ಬುಡಿ" ಅಂದ ಸಣ್ಣರಂಗಯ್ಯ.

ನಮ್ಮ ಕಡೆ 'ನೋಡಾನ' ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಮಾತು ಮುಗಿಯಿತು ಎಂದರ್ಥ, ಅಷ್ಟೇ. ಆದರೆ ಎರಡು ಕೋಟಿ ಎಂಬತ್ತು ಲಕ್ಷ ಹಂಚುವವನ ಬಾಯಲ್ಲಿ ಅದು ಮಂಜೂರಾತಿ ಆದೇಶದಂತೆ ಕೇಳಿಸಿತು. ನಂದೀಶ್ವರಯ್ಯನವರು ಬೀದಿಯ ಕೊನೆ ಮುಟ್ಟುವುದರೊಳಗೆ ಭವನಕ್ಕೆ ತಮ್ಮ ತಂದೆಯ ಹೆಸರಿಟ್ಟಿದ್ದರು.

ಆಮೇಲೆ ಬಾಗಿಲು ಮುಚ್ಚಲಾಗಲಿಲ್ಲ. ಮೂರನೇ ವಾರ್ಡಿನವರು ಚರಂಡಿ ಕೇಳಿದರು. ನಾಲ್ಕನೆಯವರು ಅದೇ ಚರಂಡಿ ತಮ್ಮ ಕಡೆ ಬರಬಾರದೆಂದು ಕೇಳಿದರು. ಸಣ್ಣರಂಗಯ್ಯ ಇಬ್ಬರಿಗೂ "ನೋಡಾನ" ಎಂದ. ಒಬ್ಬರು ಜಿಮ್ ಕೇಳಿದರು, ಒಬ್ಬರು ಸ್ಮಶಾನಕ್ಕೆ ಲೈಟು ಕೇಳಿದರು. ಸೌತೆಕಾಯಿ, ತೊಗರಿಕಾಯಿ, ಒಂದು ನಾಟಿ ಕೋಳಿ ಬಂದವು. ಶುಕ್ರವಾರ ಮಧ್ಯಾಹ್ನ ಪಾವಗಡದ ತಿರುಮಣಿಯಿಂದ ದೂರದ ನೆಂಟ ತಿಪ್ಪೇಶ್ ಬೈಕಿನಲ್ಲಿ ಬಂದೇಬಿಟ್ಟ. ಅವನ ಜಮೀನು ಸೋಲಾರ್ ಪಾರ್ಕಿನವರಿಗೆ ಗುತ್ತಿಗೆ ಹೋಗಿದೆ, ಬೇಕಾದಷ್ಟು ಬಿಡುವು. ಮಾತಿನಲ್ಲಿ ಅರ್ಧ ತೆಲುಗು.

"ಏಂ ಬಾವಾ! ಅಂತಾ ನೀ ಚೇತಿಲೋನೇ ಐತಂತೆ! ಎಲ್ಲಾ ನಿನ್ ಕೈಲೇ! ನಮ್ಮೂರ್ಗೂ ಒಂಚೂರು ನೋಡಪ್ಪ, ಒಂದು ಬಸ್ ಸ್ಟಾಪು ಕಟ್ಸು."

"ತಿಪ್ಪೇಶಾ, ಇದು ಹೊನ್ನಸಂದ್ರದ ದುಡ್ಡು ಕಣ್ಲಾ. ನಿಮ್ಮೂರು ಪಾವಗಡ ತಾಲ್ಲೂಕು."

"ಕೇಂದ್ರದೋರಿಗೆ ಪಾವಗಡ ಬೇರೆ, ಮಧುಗಿರಿ ಬೇರೆನಾ? ಡೆಲ್ಲಿ ಇಂದ ನೋಡಿದ್ರೆ ಎರಡೂ ಒಂದೇ ಕದಾ!"

ಈ ವಾದ ಸಣ್ಣರಂಗಯ್ಯನಿಗೆ ಬಹಳ ಗಂಭೀರವಾಗಿ ಕಂಡಿತು. "ನೋಡಾನ" ಎಂದ.

ಏನನ್ನೂ ಕೇಳದೆ ಬಂದವಳು ಒಬ್ಬಳೇ, ಪಕ್ಕದ ತಗಡಿನ ಮನೆಯ ರಾಜಲಕ್ಷ್ಮಮ್ಮ. ಅರವತ್ತು ದಾಟಿದ ವಿಧವೆ, ಸಂತೆಯಲ್ಲಿ ಸೊಪ್ಪು ಮಾರುವವಳು. ಹಿಡಿ ಮುರಿದ ಕುಕ್ಕರನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದಳು.

"ರಾಜಕ್ಕ, ನಿಂಗೇನ್ ಬೇಕು, ಹೇಳ್ಬುಡು" ಎಂದ ಸಣ್ಣರಂಗಯ್ಯ, ಕುರ್ಚಿಯಲ್ಲಿ ಹಿಂದಕ್ಕೊರಗಿ.

"ಕುಕ್ಕರಿಗೆ ಹಿಡಿ ಬೇಕು."

"ಅದಲ್ಲ ಕಣಕ್ಕ. ಸರ್ಕಾರದಿಂದ."

"ಸರ್ಕಾರದೋರು ಮನೆ ಪಟ್ಟಿಯಿಂದ ನನ್ ಹೆಸ್ರು ಹೊಡ್ದಾಕವ್ರಲ್ಲ ರಂಗಪ್ಪ. ನಿಂಗಾಗ್ಲೇ ಆರ್‌ಸಿಸಿ ಮನೆ ಐತೆ ಅಂದ್ರು. ಎಲ್ಲೈತೆ ತೋರ್ಸಿ, ಇವತ್ತೇ ಓಗಿ ಮಲಿಕ್ಕಂತೀನಿ ಅಂದೆ. ನಗಾಡಿ ಕಳ್ಸುದ್ರು."

ಸಣ್ಣರಂಗಯ್ಯ ಮೊದಲ ಸಲ "ನೋಡಾನ" ಎನ್ನಲಿಲ್ಲ. ಹಿಡಿ ಹಾಕಿಕೊಟ್ಟ. "ನಾಳೆ ನೀನೂ ಸಭೆಗೆ ಬಾ" ಅಂದ.

ಶನಿವಾರ ಬೆಳಿಗ್ಗೆ ಮೋಹನ್ ಕುಮಾರ್ ಹೊಸ ಕಾರಿನಲ್ಲಿ ಸಿರಾದಿಂದ ಬಂದು, ಭಾವನನ್ನು ತಾನೇ ಕರೆದೊಯ್ಯುವುದಾಗಿ ಹಟ ಹಿಡಿದ. ಮನೆಯಿಂದ ಪಟ್ಟಣ ಪಂಚಾಯಿತಿಗೆ ಮುನ್ನೂರು ಹೆಜ್ಜೆ. ಓಣಿಯಲ್ಲಿ ಕಾರು ತಿರುಗಿಸಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಇಡೀ ಬೀದಿ ನಡೆದುಕೊಂಡು ಹೋಗಿ ಸಭೆಯಲ್ಲಿ ಕೂತಿತ್ತು.

ಮುಖ್ಯಾಧಿಕಾರಿ ವನಜಾಕ್ಷಿ ಮೇಡಂ ಈ ಊರಿಗೆ ವರ್ಗವಾಗಿ ಬಂದು ಎರಡೇ ತಿಂಗಳಾಗಿತ್ತು. ಸಭಾಂಗಣದಲ್ಲಿ ಹಾಕಿಸಿದ್ದು ಇಪ್ಪತ್ತು ಕುರ್ಚಿ. ಕಿಟಕಿಯಲ್ಲಿ, ಮೆಟ್ಟಿಲ ಮೇಲೆ, ಎಮ್ಮೆಗಳ ಪಕ್ಕದಲ್ಲಿ, ಎಲ್ಲೆಲ್ಲೂ ಜನ. ಆಕೆ ಗಾಬರಿಯಾದರು.

"ಅಂಬರೀಶ್, ಯಾವ ಸಂಘಟನೆಯ ಧರಣಿ ಇದು?"

"ಧರಣಿ ಅಲ್ಲ ಮೇಡಂ. ರಂಗಯ್ಯನ ಕಡೆಯವರು."

"ರಂಗಯ್ಯ ಅಂದ್ರೆ ಯಾರು?"

"ಕುಕ್ಕರ್ ರಿಪೇರಿಯವರು ಮೇಡಂ."

ಮೇಡಂ ಒಬ್ಬ ಪೊಲೀಸನನ್ನು ಕರೆಸಿದರು. ಅವನು ಬಂದು, ಸಣ್ಣರಂಗಯ್ಯನಿಗೆ ಸಲ್ಯೂಟ್ ಹೊಡೆದು, ಪೊಲೀಸ್ ಕ್ವಾರ್ಟರ್ಸಿನ ಮುಂದಿನ ರಸ್ತೆಯ ವಿಷಯ ಕಿವಿಯಲ್ಲಿ ಹೇಳಿ, ಮೂಲೆಯಲ್ಲಿ ಕೂತ.

ದೀಪ ಆರಿಸಿ ಗೋಡೆಯ ಮೇಲೆ ಚಿತ್ರ ಬಿಟ್ಟರು. ಮೊದಲ ಚಿತ್ರದಲ್ಲಿ ಎರಡು ಕೋಟಿ ಎಂಬತ್ತು ಲಕ್ಷ, ಗೋಡೆಯ ಈ ತುದಿಯಿಂದ ಆ ತುದಿಗೆ. ಒಂದೊಂದು ಸೊನ್ನೆಯೂ ಎತ್ತಿನಗಾಡಿಯ ಚಕ್ರದಷ್ಟು. ಇನ್ನೂರು ಜನ ಒಟ್ಟಿಗೆ ಉಸಿರೆಳೆದುಕೊಂಡರು. ಸಣ್ಣರಂಗಯ್ಯ ಚಪ್ಪಲಿ ಬಿಟ್ಟ.

ಆಮೇಲೆ ವನಜಾಕ್ಷಿ ಮೇಡಂ ಕೋಲು ಹಿಡಿದು ವಿವರಿಸತೊಡಗಿದರು. ಈ ಹಣದಲ್ಲಿ ಇಷ್ಟು ಭಾಗ ಕುಡಿಯುವ ನೀರಿಗೇ ಹೋಗಬೇಕು, ಮುಟ್ಟುವಂತಿಲ್ಲ. ಇಷ್ಟು ಕಸ ವಿಲೇವಾರಿಗೆ, ಮುಟ್ಟುವಂತಿಲ್ಲ. ಇಷ್ಟು ವಸತಿಗೆ, ಪಟ್ಟಿಯಲ್ಲಿರುವ ಮೂವತ್ತೊಂದು ಮನೆಗಳಿಗೆ, ಪಟ್ಟಿ ಬಿಟ್ಟು ಮುಟ್ಟುವಂತಿಲ್ಲ. ಪ್ರತಿ 'ಮುಟ್ಟುವಂತಿಲ್ಲ'ಕ್ಕೂ ಗೋಡೆಯ ಮೇಲಿನ ಅಂಕಿ ಕುಗ್ಗುತ್ತಾ ಹೋಯಿತು. ನಂದೀಶ್ವರಯ್ಯನವರ ಭವನದ ಮೇಲಿನ ಹಾಲು ನೀರಿನ ಚಿತ್ರದಲ್ಲಿ ಹೋಯಿತು, ಕೆಳಗಿನದು ಕಸದಲ್ಲಿ ಹೋಯಿತು. ಆದರೂ ಜನ ಸಿಟ್ಟಾಗಲಿಲ್ಲ. ದೆಹಲಿಯಲ್ಲಿ ಕೂತ ಯಾರೋ ತಮ್ಮೂರಿನ ನಲ್ಲಿಗಳನ್ನೂ ಕಸದ ಬುಟ್ಟಿಗಳನ್ನೂ ಎಣಿಸಿ ಇಟ್ಟಿದ್ದಾರಲ್ಲ ಎಂದು ಬಾಯಿ ತೆರೆದುಕೊಂಡು ನೋಡುತ್ತಿದ್ದರು.

"ಸಾರ್ವಜನಿಕರ ಸಲಹೆಯಂತೆ ಖರ್ಚು ಮಾಡೋದಕ್ಕೆ ಉಳಿಯೋದು ಹನ್ನೊಂದು ಲಕ್ಷ" ಎಂದರು ಮೇಡಂ. "ಅದಕ್ಕೆ ಮೊದಲು ಮನೆಗಳ ಪಟ್ಟಿ ನೋಡೋಣ. ಅರ್ಹರು."

ಫೋಟೋಗಳು ಒಂದೊಂದಾಗಿ ಬಂದವು. ಸೋರುವ ಹೆಂಚು, ಬಿದ್ದ ಗೋಡೆ. ಹದಿನಾಲ್ಕನೆಯ ಫೋಟೋದಲ್ಲಿ, ತುಕ್ಕು ಹಿಡಿದ ತಗಡಿನ ಮನೆಯ ಮುಂದೆ, ತಲೆ ಬಾಚಿಕೊಂಡು, ಕೈ ಕಟ್ಟಿಕೊಂಡು, ಎದೆ ಉಬ್ಬಿಸಿ ನಿಂತಿದ್ದವನು ಸಣ್ಣರಂಗಯ್ಯ. ಕೆಳಗೆ ಅವನ ಹೆಸರು. ಪಕ್ಕದಲ್ಲಿ 'ಅರ್ಹ'.

ಸಭೆಯ ತಲೆಗಳೆಲ್ಲ ಸಣ್ಣರಂಗಯ್ಯನ ಕಡೆ ತಿರುಗಿದವು.

"ಅಬ್ಬಬ್ಬಾ!" ಎಂದರು ನಂದೀಶ್ವರಯ್ಯ. "ಎಲ್ಲಾರ್ಗಿಂತ ಮೊದ್ಲು ತನ್ನದು ಮಾಡ್ಕಂಡವ್ರೆ ನೋಡಿ. ಹಂಚೋದು ಅಂದ್ರೆ ಇದಪ್ಪ!"

ಯಾರಿಗೂ ಕೋಪ ಬರಲಿಲ್ಲ. ಬಂದದ್ದು ಅಪ್ಪಟ ಗೌರವ. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಮೋಹನ್ ಕುಮಾರನ ಕಣ್ಣಲ್ಲಿ ಮೊದಲ ಸಲ ಭಾವನ ಬಗ್ಗೆ ಭಕ್ತಿ ಕಂಡಿತು. "ಮಹಡಿ ಮೇಲೆ ಇನ್ನೊಂದು ಮಹಡಿ ಎತ್ಬುಡು ಭಾವ" ಎಂದು ಪಿಸುಗುಟ್ಟಿದ. ಗಂಗಲಕ್ಷ್ಮಮ್ಮ ಮನಸ್ಸಿನಲ್ಲೇ ಮೆಟ್ಟಿಲು ಯಾವ ಕಡೆ ಬರಬೇಕೆಂದು ನೋಡುತ್ತಿದ್ದಳು.

ಸಣ್ಣರಂಗಯ್ಯ ಮಾತ್ರ ಗೋಡೆಯನ್ನೇ ನೋಡುತ್ತಿದ್ದ. ಆ ತಗಡಿನ ಮನೆ ತನ್ನದಲ್ಲವಲ್ಲ!

"ಇನ್ನು ಅನರ್ಹರು. ಈಗಾಗಲೇ ಪಕ್ಕಾ ಮನೆ ಇರೋವ್ರು" ಎಂದರು ಮೇಡಂ.

ಎರಡನೇ ಫೋಟೋ. ಹಸಿರು ಬಣ್ಣದ ಆರ್‌ಸಿಸಿ ಮನೆ, ಬಾಗಿಲಿಗೆ ತೋರಣ, ಗೋಡೆಯ ಮೇಲೆ 'ರಂಗ ಸ್ಟವ್ ರಿಪೇರಿ' ಎಂಬ ಬೋರ್ಡು. ಅದರ ಮುಂದೆ ಸೆರಗು ಸರಿಮಾಡಿಕೊಂಡು ನಿಂತವಳು ರಾಜಲಕ್ಷ್ಮಮ್ಮ.

ಆಗ ಸಣ್ಣರಂಗಯ್ಯನಿಗೆ ಎಲ್ಲ ತಿಳಿಯಿತು. ಹೋದ ವರ್ಷ ಒಬ್ಬ ಸರ್ವೇಯವನು ಮೊಬೈಲ್ ಹಿಡಿದುಕೊಂಡು ಬಂದು ರಾಜಲಕ್ಷ್ಮಮ್ಮನನ್ನು ಮನೆ ಮುಂದೆ ನಿಲ್ಲಲು ಹೇಳಿದ್ದ. ಅಲ್ಲಿಗೆ ಹೋಗಿದ್ದ ಸಣ್ಣರಂಗಯ್ಯ, "ಸರ್ಕಾರದ ಫೋಟೋಗೆ ಈ ಮುರುಕಲು ತಗಡಿನ ಮುಂದೆ ನಿಂತ್ಕಂತಾರಾ ರಾಜಕ್ಕ? ನಮ್ಮನೆ ಮುಂದೆ ನಿಂತ್ಕ, ಚೆಂದಾಗ್ ಬತ್ತದೆ" ಎಂದು ಕೈ ಹಿಡಿದು ಕರೆತಂದು ನಿಲ್ಲಿಸಿದ್ದ. ಆಮೇಲೆ ಸರ್ವೇಯವನು ಪಕ್ಕದ ಮನೆಯದೂ ಒಂದು ಬೇಕೆಂದಾಗ, ಅದೇ ತಗಡಿನ ಮುಂದೆ ತಾನೇ ನಿಂತು ಹೆಸರನ್ನೂ ಹೇಳಿದ್ದ. ಫೋಟೋ ಹೇಗೆ ಬಂತು ಎಂದು ಎರಡು ಸಲ ಕೇಳಿಯೂ ಇದ್ದ.

ಅವನು ಎದ್ದ. ಮೋಹನ್ ಕುಮಾರ್ ಅವನ ಅಂಗಿ ಹಿಡಿದು ಎಳೆದ. "ಕೂತ್ಕ ಭಾವ. ತಾನಾಗೇ ಬಂದೈತೆ, ಸುಮ್ಕಿರು."

"ಕೈ ಬುಡು ಮೋಹನ" ಎಂದಳು ಗಂಗಲಕ್ಷ್ಮಮ್ಮ. ಮೆಟ್ಟಿಲಿನ ಯೋಚನೆ ಅವಳ ಮುಖದಿಂದ ಹೋಗಿತ್ತು. "ಅವ್ರು ಮಾತಾಡ್ಲಿ."

ಅಂಬರೀಶ್ ಮೈಕು ತಂದುಕೊಟ್ಟ. ಸಣ್ಣರಂಗಯ್ಯ ಅದನ್ನು ಕುಕ್ಕರಿನ ಸೀಟಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದ.

"ಮೇಡಂ, ಆ ಮನೆ ನಂದು."

"ಯಾವ ಮನೆ?"

"ಹಸ್ರು ಬಣ್ಣದ್ದು."

"ಮತ್ತೆ ತಗಡಿನದು? ನಿಮ್ಮ ಹೆಸರಲ್ಲಿದೆಯಲ್ಲ?"

"ಅದ್ರ ಮುಂದೆ ನಿಂತಿರೋನು ನಾನೇಯ. ಮನೆ ರಾಜಕ್ಕಂದು."

"ನಿಮ್ಮದಲ್ಲದ ಮನೆ ಮುಂದೆ ಯಾಕೆ ನಿಂತ್ರಿ?"

"ನಿಂತ್ಕಳಿ ಅಂದ್ರು, ನಿಂತ್ಕಂಡೆ. ಫೋಟೋ ಅಂದ್ರೆ ನಂಗೆ ಸ್ವಲ್ಪ..." ಅವನು ತಲೆ ಕೆರೆದುಕೊಂಡ.

ಸಭೆಯಲ್ಲಿ ನಗು ಎದ್ದಿತು. ಆದರೆ ಎಲ್ಲರ ಕಣ್ಣೂ ಬಾಗಿಲ ಬಳಿ ನಿಂತಿದ್ದ ರಾಜಲಕ್ಷ್ಮಮ್ಮನ ಕಡೆ ಹೋಗಿ, ನಗು ಅಲ್ಲೇ ನಿಂತಿತು. ಅವಳು ಗೋಡೆಯ ಮೇಲಿನ ತನ್ನನ್ನು ನೋಡುತ್ತಿದ್ದಳು. "ಅಯ್ಯೋ, ಇದಾ ನನ್ ಆರ್‌ಸಿಸಿ ಮನೆ?" ಎಂದಳು, ಯಾರಿಗೂ ಅಲ್ಲದಂತೆ.

"ನೀವು ಹೀಗೆ ಹೇಳಿದರೆ ನಿಮ್ಮ ಹೆಸರು ಪಟ್ಟಿಯಿಂದ ಹೋಗುತ್ತೆ. ಗೊತ್ತಲ್ಲ?" ಎಂದರು ಮೇಡಂ, ಸಾವಕಾಶವಾಗಿ.

"ಓಗ್ಲಿ ಮೇಡಂ. ನಾನು ಅರ್ಜಿನೇ ಹಾಕಿಲ್ಲ. ರಾಜಕ್ಕಂದು ಬರ್ಬೇಕು ಅಷ್ಟೆ."

ಮೇಡಂ ಅಂಬರೀಶನ ಕಡೆ ತಿರುಗಿದರು. ಇಂಥ ತಿದ್ದುಪಡಿಗೆ ಏನು ನಿಯಮ? ಅಂಬರೀಶ್ ಪುಸ್ತಕ ತಿರುವಿ ಓದಿದ. ಅಂತಿಮ ಪಟ್ಟಿಯ ಹೆಸರು ಬದಲಾಗಬೇಕಾದರೆ ಸಾರ್ವಜನಿಕ ಸಭೆಯಲ್ಲಿ ಕನಿಷ್ಠ ನೂರು ಮಂದಿ ಪಟ್ಟಣವಾಸಿಗಳು ಒಪ್ಪಿ ಸಹಿ ಹಾಕಬೇಕು. ಮತ್ತೆ ಸ್ವಲ್ಪ ಸಣ್ಣ ದನಿಯಲ್ಲಿ, "ಹೋದ ವರ್ಷದ ಸಭೆಗೆ ಏಳು ಜನ ಬಂದಿದ್ರು ಮೇಡಂ, ಟೀ ತಂದವನೂ ಸೇರಿ" ಎಂದ.

ವನಜಾಕ್ಷಿ ಮೇಡಂ ತಲೆಯೆತ್ತಿ ನೋಡಿದರು. ಕುರ್ಚಿಗಳಲ್ಲಿ, ನೆಲದ ಮೇಲೆ, ಕಿಟಕಿಯ ಸರಳುಗಳ ಹಿಂದೆ, ಮೆಟ್ಟಿಲ ಮೇಲೆ, ಎಲ್ಲೆಲ್ಲೂ ಮುಖಗಳು.

"ಒಪ್ಪೋವ್ರು ಕೈ ಎತ್ತಿ."

ಮೊದಲು ಎತ್ತಿದವಳು ಗಂಗಲಕ್ಷ್ಮಮ್ಮ. ಆಮೇಲೆ ನಂದೀಶ್ವರಯ್ಯ. ಆಮೇಲೆ ಕೈಗಳ ಒಂದು ಕಾಡೇ ಎದ್ದಿತು. ಪೊಲೀಸಿನವನೂ ಎತ್ತಿದ. ಪಾವಗಡ ತಾಲ್ಲೂಕಿನ ತಿಪ್ಪೇಶ್ ಎರಡೂ ಕೈ ಎತ್ತಿದ್ದ, ಅವನ್ನು ಇಳಿಸಲು ಇಬ್ಬರು ಬೇಕಾಯಿತು. ಸಹಿಯ ಸಾಲು ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ನೂರಾ ಎಂಬತ್ತಾರು ಸಹಿ. ಅಂಬರೀಶ್ ನಡಾವಳಿ ಪುಸ್ತಕದ ಪುಟಗಳನ್ನು ಮತ್ತೆ ಮತ್ತೆ ತಿರುವಿ ನೋಡಿದ. ಆ ಪುಸ್ತಕದಲ್ಲಿ ಅಷ್ಟು ಹೆಸರು ಒಟ್ಟಿಗೆ ಅವನು ಕಂಡಿರಲಿಲ್ಲ.

ಸಹಿ ಮುಗಿಯುತ್ತಲೇ ನಂದೀಶ್ವರಯ್ಯನವರು ಎದ್ದರು. "ಅದೆಲ್ಲ ಸರಿ ರಂಗಯ್ಯನವರೇ. ಈಗ ನಮ್ಮ ಭವನದ ವಿಷಯ ಹೇಳಿಬಿಡಿ."

ಸಣ್ಣರಂಗಯ್ಯನ ಕೈಯಲ್ಲಿ ಮೈಕು ಇನ್ನೂ ಇತ್ತು. "ತಪ್ಪಾಗೋಯ್ತು ಅಣ್ಣಾರೆ. ಸಲಹೆ ಕೊಡಿ ಅಂತ ಬರ್ದವ್ರೆ. ನಾನು ಹಂಚಿ ಅಂತ ಓದ್ಕಂಡೆ. ಹಂಚೋರು ಅವ್ರು, ನಾನಲ್ಲ."

ಗದ್ದಲವೋ ಗದ್ದಲ. "ನಮ್ ಚರಂಡಿ?" "ನಮ್ ಜಿಮ್ಮು?" "ಲೇ ರಂಗ, ನಮ್ ಬೆಲ್ಲ ವಾಪಸ್ ಕೊಡೋ!" "ನನ್ ಕೋಳಿ ಎಲ್ಲೋ?"

"ಅದು ನಿನ್ನೆನೇ ಸಾರಾಗೋಯ್ತು ಕಣಪ್ಪ" ಎಂದ ಸಣ್ಣರಂಗಯ್ಯ ಮೈಕಿನಲ್ಲಿ, ಇಡೀ ಊರಿಗೆ ಕೇಳುವಂತೆ.

ವನಜಾಕ್ಷಿ ಮೇಡಂ ಕೋಲಿನಿಂದ ಮೇಜು ಕುಟ್ಟಿದರು. "ಹನ್ನೊಂದು ಲಕ್ಷ ಇನ್ನೂ ಇದೆ. ಅದಕ್ಕೆ ನಿಜವಾಗಿಯೂ ನಿಮ್ಮ ಸಲಹೆ ಬೇಕು. ಒಬ್ಬೊಬ್ಬರಾಗಿ ಹೇಳಿ."

ಗಂಡಸರು ಒಬ್ಬೊಬ್ಬರಾಗಿ ಹೇಳುವ ಅಭ್ಯಾಸದವರಲ್ಲ. ಭವನ, ಸ್ಮಶಾನದ ಲೈಟು, ಜಿಮ್ಮು, ಚರಂಡಿ ಎಲ್ಲವೂ ಒಂದರ ಮೇಲೊಂದು ಬಿದ್ದವು. ಆ ಗಲಾಟೆಯ ನಡುವೆ ರಾಜಲಕ್ಷ್ಮಮ್ಮ ಬಾಗಿಲಿನಿಂದ ಮುಂದೆ ಬಂದು ಮೇಡಂ ಎದುರು ನಿಂತಳು. ಅವಳು ಕೂಗಲಿಲ್ಲ. ಜನರೇ ಸುಮ್ಮನಾದರು.

"ಅವ್ವಾ, ಬಸ್ ಸ್ಟ್ಯಾಂಡಿನ ತಾವ ಹೆಣ್ಮಕ್ಳಿಗೆ ಒಂದು ಕಕ್ಕಸ್ ಕಟ್ಸಿ. ಸೋಮವಾರದ ಸಂತೆಗೆ ದೊಡ್ಡೇರಿ ಕಡೆಯಿಂದ ನೂರಾರು ಹೆಂಗಸ್ರು ಬತ್ತಾರೆ. ಬೆಳಿಗ್ಗೆಯಿಂದ ಸಂಜೆಗಂಟ ಒಂದು ತೊಟ್ಟು ನೀರು ಕುಡಿಯಲ್ಲ. ನಾನೂ ಕುಡಿಯಲ್ಲ, ಇಪ್ಪತ್ತೆರಡು ವರ್ಷ ಆಯ್ತು. ಯಾಕೆ ಅಂತ ಇಲ್ಲಿರೋ ಗಂಡಸ್ರು ಯಾರಾದ್ರೂ ಕೇಳವ್ರಾ?"

ಯಾರೂ ಕೇಳಿರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿಗೇ ಅಂಗಡಿಯಿಟ್ಟಿದ್ದ ನಂದೀಶ್ವರಯ್ಯನವರು ನೆಲ ನೋಡಿದರು.

"ಒಪ್ಪೋವ್ರು?" ಎಂದರು ಮೇಡಂ.

ಈ ಸಲ ಕೈ ಎತ್ತಿದವರು ಹೆಂಗಸರು, ಎಲ್ಲರೂ, ಒಂದೇ ಸಲಕ್ಕೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಧಾನವಾಗಿ ಎತ್ತಿದರು.

ನಾಲ್ಕು ತಿಂಗಳು ಕಳೆದವು. ಮರುಸರ್ವೇ ಆಯಿತು, ತುಮಕೂರಿಗೆ ಕಡತ ಹೋಗಿ ಬಂತು, ಒಂದು ಕಾಲಂ ಖಾಲಿ ಬಿಟ್ಟಿದ್ದಕ್ಕೆ ಮತ್ತೊಮ್ಮೆ ಹೋಗಿ ಬಂತು. ಕೊನೆಗೊಂದು ಗುರುವಾರ ರಾಜಲಕ್ಷ್ಮಮ್ಮನ ಜಾಗದಲ್ಲಿ ತಗಡು ಇಳಿಸಿ, ಪಾಯದ ಗುರುತು ಹಾಕಲು ಮೇಸ್ತ್ರಿ ಬಂದ. ಗಂಗಲಕ್ಷ್ಮಮ್ಮ ನಿಂಬೆಹಣ್ಣು, ಕುಂಕುಮ ತಂದಳು. ಸುಣ್ಣದ ಪುಡಿಯ ಗೆರೆ ಎಳೆಯಲು ಹುರಿಯ ಒಂದು ತುದಿ ಹಿಡಿಯುವವರು ಬೇಕಾಯಿತು.

"ರಂಗಪ್ಪ, ನೀನೇ ಹಿಡ್ಕೊ" ಎಂದಳು ರಾಜಲಕ್ಷ್ಮಮ್ಮ. "ಬುಟ್ಬುಡಬ್ಯಾಡ."

ಸಣ್ಣರಂಗಯ್ಯ ಈಶಾನ್ಯದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹುರಿಯ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದ. ಬಿಳಿ ಗೆರೆ ಅವನ ಕಾಲ ಬುಡದಿಂದ ಹೊರಟು ಉದ್ದಕ್ಕೆ ಹೋಯಿತು, ತಿರುಗಿತು, ಮತ್ತೆ ತಿರುಗಿತು, ಬರಿಯ ಮಣ್ಣಿನ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಾಗಿಲು ಕಂಡವು. ರಾಜಲಕ್ಷ್ಮಮ್ಮ ಆ ಇಲ್ಲದ ಬಾಗಿಲಿನಿಂದಲೇ ಒಳಗೆ ಹೋಗಿ, ಇಲ್ಲದ ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತು ಬಂದಳು.

ಗುರುತು ಮುಗಿಯಿತು. ಮೇಸ್ತ್ರಿ ಸಾಮಾನು ಕಟ್ಟಿಕೊಂಡು ಊಟಕ್ಕೆ ಹೋದ. ಹೆಂಗಸರು ಪಕ್ಕದ ಹಸಿರು ಮನೆಯೊಳಗೆ ಹೋದರು. ಮಧ್ಯಾಹ್ನ ಎರಡು ಗಂಟೆಗೆ ಊಟಕ್ಕೆ ಕರೆಯಲು ಬಂದ ಗಂಗಲಕ್ಷ್ಮಮ್ಮನಿಗೆ ಗಂಡ ಕಂಡದ್ದು ಅದೇ ಮೂಲೆಯಲ್ಲಿ, ಅದೇ ಭಂಗಿಯಲ್ಲಿ, ಹುರಿಯ ತುದಿಯನ್ನು ಎರಡೂ ಹೆಬ್ಬೆರಳಿನಿಂದ ಒತ್ತಿಕೊಂಡು.

"ಇನ್ನೂ ಇಲ್ಲೇ ಕೂತಿದ್ದೀರಾ? ಎಲ್ಲ ಆಗೋಯ್ತಲ್ಲ!"

"ಬುಡು ಅಂತ ಯಾರೂ ಹೇಳಲಿಲ್ಲ ಕಣೇ" ಎಂದ ಸಣ್ಣರಂಗಯ್ಯ, ಅಲ್ಲಾಡದೆ.